ಮನಶ್ಶಾಸ್ತ್ರದ ಪದವಿ: ಸಾಲಕ್ಕೆ ಮುಂಚೆ ಲೆಕ್ಕ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಅತ್ತಿಗುಪ್ಪೆಯಲ್ಲಿ ಏರ್ಪಡಿಸಿದ್ದ ಪ್ರತಿಭಾ ಪುರಸ್ಕಾರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಂದು ಸಹಕಾರ ಸಂಘ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆದಿದೆ ಅಂದರೆ ಅದು ಸಣ್ಣ ಮಾತಲ್ಲ. ಕೊಟ್ಟ ಸಾಲ ವಾಪಸು ಬಂದಿದೆ, ಇಟ್ಟ ಠೇವಣಿ ಕೇಳಿದಾಗ ಸಿಕ್ಕಿದೆ ಅಂತ ಅರ್ಥ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಸೇರಿಸಿ ಸಂಘ ಕಟ್ಟಿದಾಗಿನಿಂದ ನಮ್ಮ ನಾಡಿನ ಸಹಕಾರ ಚಳವಳಿ ಒಂದು ಪಾಠ ಕಲಿಸುತ್ತಲೇ ಬಂದಿದೆ. ಸಾಲ ತಪ್ಪಲ್ಲ, ಲೆಕ್ಕವಿಲ್ಲದ ಸಾಲ ತಪ್ಪು. ಅದೇ ಪಾಠವನ್ನು ಇವತ್ತು ಮಕ್ಕಳ ಓದಿಗೆ ಅನ್ವಯಿಸಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ.

ನಮ್ಮ ಅತ್ತಿಗುಪ್ಪೆ ಹೊಲ ತೋಟದ ಹಳ್ಳಿಯಾಗಿತ್ತು. ವಿಜಯನಗರ, ಚಂದ್ರಾ ಬಡಾವಣೆಗಳು ಬೆಳೆದು ಊರು ನಗರದೊಳಗೆ ಸೇರಿಹೋಯಿತು. 2015ರ ನವೆಂಬರಿನಲ್ಲಿ ಮೆಟ್ರೊ ರೈಲೂ ಬಂತು. ಜಮೀನಿಲ್ಲ, ಬೆಳೆಯಿಲ್ಲ. ಇವತ್ತು ನಮ್ಮ ಮನೆಗಳ ಬೆಳೆ ಅಂದರೆ ಮಕ್ಕಳ ವಿದ್ಯೆಯೇ. ಆದ್ದರಿಂದ ಬಿತ್ತನೆಗೆ ಮುಂಚೆ ರೈತ ಎಷ್ಟು ಯೋಚನೆ ಮಾಡ್ತಾನೋ ಅಷ್ಟೇ ಯೋಚನೆ ಇಲ್ಲೂ ಬೇಕು.

ಇತ್ತೀಚೆಗೆ ಪಿಯುಸಿ ಮುಗಿಸಿದ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, "ಸೈಕಾಲಜಿ ಓದ್ತೀನಿ" ಅಂತ ಹೇಳುವುದು ಹೆಚ್ಚಾಗಿದೆ. ಮನೆಯಲ್ಲಿ ಎರಡು ಥರ ಉತ್ತರ ಬರುತ್ತದೆ. ಒಂದು, "ಅದೇನು ಹುಚ್ಚರ ಓದು, ಸುಮ್ಮನೆ ಬಿ.ಕಾಂ. ಮಾಡು" ಅಂತ. ಇನ್ನೊಂದು, "ಮಗು ಆಸೆಪಟ್ಟಿದೆ, ಎಷ್ಟಾದರೂ ಆಗಲಿ, ದೊಡ್ಡ ಕಾಲೇಜಿಗೇ ಸೇರಿಸೋಣ" ಅಂತ. ಎರಡೂ ಲೆಕ್ಕವಿಲ್ಲದ ಮಾತುಗಳು. ಮೊದಲನೆಯದು ವಿಷಯ ತಿಳಿಯದೆ ಬಾಗಿಲು ಹಾಕುತ್ತದೆ. ಎರಡನೆಯದು ವಿಷಯ ತಿಳಿಯದೆ ಮನೆಯ ಪತ್ರ ಅಡ ಇಡುತ್ತದೆ.

ಹುಚ್ಚರ ಓದು ಅನ್ನುವವರಿಗೆ ಒಂದು ಮಾತು. ಈ ಶಾಸ್ತ್ರ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1920ರ ದಶಕದಲ್ಲೇ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಇದನ್ನು ಕಲಿಸುತ್ತಿದ್ದರು. 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರ ಆರಂಭಿಸಿದವರೂ ಅವರೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂಥ ವಿದ್ಯೆಯನ್ನು ಓದಲು ನಮ್ಮ ಮಗಳು ಮುಂದೆ ಬಂದರೆ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅಗತ್ಯವೂ ಇದೆ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡಿತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಗುತ್ತಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಬಂತು. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಮನೆಯಲ್ಲಿ ಯಾರಿಗಾದರೂ ಬೇಕಾದೀತು, ಗುರುತು ಹಾಕಿಕೊಳ್ಳಿ.

ಆದರೆ ಬಂಧುಗಳೆ, ಇಲ್ಲೇ ಒಂದು ಎಡವುವ ಕಲ್ಲಿದೆ. ಅಗತ್ಯ ಬೇರೆ, ಸಂಬಳ ಬೇರೆ. ಊರಿಗೆ ಬಾವಿ ಬೇಕು ಅಂತ ಎಲ್ಲರೂ ಹೇಳಬಹುದು, ತೋಡುವವನಿಗೆ ಕೂಲಿ ಕೊಡುವವರು ಯಾರು ಅನ್ನೋದು ಬೇರೆ ಪ್ರಶ್ನೆ. "ದೇಶದಲ್ಲಿ ಮನಶ್ಶಾಸ್ತ್ರಜ್ಞರ ಕೊರತೆ ಇದೆ, ಸೇರಿಸಿ" ಅಂತ ಕಾಲೇಜಿನವರು ಜಾಹೀರಾತು ಮಾಡ್ತಾರೆ. ಕೊರತೆ ಇರುವುದು ನಿಜ. ಯಾರ ಕೊರತೆ? ಪೂರ್ತಿ ತರಬೇತಿ ಪಡೆದವರ ಕೊರತೆ. ಮೂರು ವರ್ಷದ ಬಿ.ಎ. ಅಥವಾ ಬಿ.ಎಸ್ಸಿ. ಮುಗಿಸಿದವರು ಆ ಲೆಕ್ಕದಲ್ಲಿ ಬರುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಬಿ.ಇ. ಮಾಡಿದವನು ಇಂಜಿನಿಯರ್, ನರ್ಸಿಂಗ್ ಓದಿ ನೋಂದಣಿ ಮಾಡಿಸಿದವಳು ನರ್ಸ್. ಮನಶ್ಶಾಸ್ತ್ರದ ಪದವಿ ಹಾಗಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞ ಅಂತ ಬೋರ್ಡು ಹಾಕಬೇಕಾದರೆ 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಶಿಕ್ಷೆಯೂ ಇದೆ. ಇಷ್ಟು ಕಾಲ ಇದ್ದ ದಾರಿ ಏನೆಂದರೆ ಮೂರು ವರ್ಷ ಪದವಿ, ಎರಡು ವರ್ಷ ಎಂ.ಎ. ಅಥವಾ ಎಂ.ಎಸ್ಸಿ., ಆಮೇಲೆ ಆಸ್ಪತ್ರೆಯಲ್ಲಿ ಎರಡು ವರ್ಷದ ಎಂ.ಫಿಲ್. ಒಟ್ಟು ಏಳು ವರ್ಷ. ಪಿಯು ಉಪನ್ಯಾಸಕರಾಗಬೇಕಾದರೂ ಸ್ನಾತಕೋತ್ತರ ಪದವಿ ಬೇಕು. ಪದವಿ ಕಾಲೇಜಿಗೆ ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು.

ಹಾಗಾದರೆ ಬರೀ ಪದವಿಗೆ ಏನೂ ಇಲ್ಲವೆ? ಇದೆ. ಕಂಪನಿಗಳ ಸಿಬ್ಬಂದಿ ವಿಭಾಗ, ಸ್ವಯಂಸೇವಾ ಸಂಸ್ಥೆಗಳು, ವಿಶೇಷ ಮಕ್ಕಳ ಶಾಲೆಯಲ್ಲಿ ಸಹಾಯಕ ಕೆಲಸ, ಕಾಲ್ ಸೆಂಟರ್, ಯಾವ ಪದವಿಯಾದರೂ ಸರಿ ಅನ್ನುವ ಬ್ಯಾಂಕು ಮತ್ತು ಸರ್ಕಾರಿ ಪರೀಕ್ಷೆಗಳು. ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮನಶ್ಶಾಸ್ತ್ರ ಒಂದು ಐಚ್ಛಿಕ ವಿಷಯವೂ ಹೌದು. ಆದರೆ ಇವೆಲ್ಲ ಬೇರೆ ಬಿ.ಎ., ಬಿ.ಕಾಂ. ಮಾಡಿದವರಿಗೂ ಸಿಗುವ ಕೆಲಸಗಳೇ. ಸಂಬಳವೂ ಸರಿಸುಮಾರು ಅಷ್ಟೇ. ಅಂದರೆ ಪದವಿಗೆ ನೀವು ಎರಡು ಲಕ್ಷ ಕೊಟ್ಟರೂ ಇಪ್ಪತ್ತು ಸಾವಿರ ಕೊಟ್ಟರೂ ಮೊದಲ ಸಂಬಳದ ದಿನ ಹೆಚ್ಚು ವ್ಯತ್ಯಾಸ ಇರುವುದಿಲ್ಲ.

ನಮ್ಮ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತೆ. ರಾಗಿ ಬಿತ್ತಿದರೆ ನಾಲ್ಕು ತಿಂಗಳಿಗೆ ತೆನೆ. ಮಾವಿನ ಸಸಿ ನೆಟ್ಟರೆ ನಾಲ್ಕೈದು ವರ್ಷ ಕಾಯಬೇಕು. ರಾಗಿಗೆ ಕೊಡುವ ಬೆಳೆ ಸಾಲ ತಗೊಂಡು ಮಾವಿನ ತೋಟ ಮಾಡಿದವನ ಗತಿ ಏನಾಗುತ್ತೆ? ಮರ ಹೂ ಬಿಡುವ ಮೊದಲೇ ಕಂತಿನ ನೋಟೀಸು ಬರುತ್ತೆ. ಮನಶ್ಶಾಸ್ತ್ರ ಮಾವಿನ ಬೆಳೆ. ನೆಡಬೇಡಿ ಅಂತ ನಾನು ಹೇಳೋದಿಲ್ಲ. ರಾಗಿ ಸಾಲದಲ್ಲಿ ನೆಡಬೇಡಿ ಅಂತ ಹೇಳ್ತೀನಿ.

ಈಗ ಲೆಕ್ಕಕ್ಕೆ ಬರೋಣ. ಇದು ಉದಾಹರಣೆಯ ಲೆಕ್ಕ, ನಿಮ್ಮ ನಿಮ್ಮ ಅಂಕಿ ಹಾಕಿಕೊಂಡು ನೋಡಿ.

ಮೊದಲ ಮನೆ. ಖಾಸಗಿ ಕಾಲೇಜು, ವರ್ಷಕ್ಕೆ ಎಲ್ಲ ಸೇರಿ 2 ಲಕ್ಷ ರೂ., ಮೂರು ವರ್ಷಕ್ಕೆ 6 ಲಕ್ಷ. ಪೂರ್ತಿ ಬ್ಯಾಂಕಿನ ಶಿಕ್ಷಣ ಸಾಲ, ಬಡ್ಡಿ ಶೇಕಡ 10. ಓದುವ ಕಾಲ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ. ಸರಳ ಬಡ್ಡಿ ಹಾಕಿದರೂ ನಾಲ್ಕನೇ ವರ್ಷದ ಕೊನೆಗೆ 1 ಲಕ್ಷ 80 ಸಾವಿರ ಬಡ್ಡಿ ಸೇರಿ ಸಾಲ 7 ಲಕ್ಷ 80 ಸಾವಿರ ಆಗಿರುತ್ತೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 10,300 ರೂ. ಒಟ್ಟು ಕಟ್ಟುವುದು 12 ಲಕ್ಷ 37 ಸಾವಿರದಷ್ಟು. ಆ ಹುಡುಗಿಗೆ ಮೊದಲ ಕೆಲಸದಲ್ಲಿ 18 ಸಾವಿರ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಯಿತು. ಇನ್ನು ಎಂ.ಎ. ಓದುವ ಮಾತೆಲ್ಲಿ? ಓದಬೇಕು ಅಂದರೆ ಸಾಲದ ಮೇಲೆ ಸಾಲ. ಬ್ಯಾಂಕಿನವರನ್ನು ಕೇಳಿ ಕಂತು ಮುಂದೂಡಿಸಬಹುದು, ಬಡ್ಡಿ ಮುಂದೂಡುವುದಿಲ್ಲ. ಕೊನೆಗೆ ಏನಾಗುತ್ತೆ? ಮಗು ಎಲ್ಲಿ ನಿಲ್ಲಬಾರದಿತ್ತೋ ಅಲ್ಲಿ, ಅರ್ಧ ಏಣಿಯಲ್ಲಿ ನಿಂತುಬಿಡುತ್ತೆ. ಹಣವೂ ಹೋಯಿತು, ಕಸುಬೂ ಕೈಗೆ ಬರಲಿಲ್ಲ.

ಎರಡನೇ ಮನೆ. ಅದೇ ಮಗು, ಅದೇ ವಿಷಯ. ಸರ್ಕಾರಿ ಅಥವಾ ಅನುದಾನಿತ ಕಾಲೇಜು, ಮನೆಯಿಂದಲೇ ಓಡಾಟ. ಶುಲ್ಕ, ಪುಸ್ತಕ, ಓಡಾಟ ಸೇರಿ ವರ್ಷಕ್ಕೆ 30 ಸಾವಿರ ಅಂದುಕೊಳ್ಳಿ. ಮೂರು ವರ್ಷಕ್ಕೆ 90 ಸಾವಿರ. ತಿಂಗಳಿಗೆ ಎರಡೂವರೆ ಸಾವಿರ. ವಿದ್ಯಾರ್ಥಿವೇತನ ಬಂದರೆ ಅದೂ ಇಳಿಯುತ್ತೆ. ಸಾಲವೇ ಇಲ್ಲ. ಆಮೇಲೆ ಸ್ನಾತಕೋತ್ತರಕ್ಕೆ ಎರಡು ವರ್ಷಕ್ಕೆ 3 ಲಕ್ಷ ಸಾಲ ತೆಗೆದರು. ಅದೇ ಶೇಕಡ 10ರ ಬಡ್ಡಿಯಲ್ಲಿ ಕಂತು ಶುರುವಾಗುವಾಗ 3 ಲಕ್ಷ 75 ಸಾವಿರ, ಹತ್ತು ವರ್ಷಕ್ಕೆ ತಿಂಗಳ ಕಂತು 5 ಸಾವಿರದೊಳಗೆ. ಅಷ್ಟು ಹೊತ್ತಿಗೆ ಕೈಯಲ್ಲಿ ಒಂದು ವೃತ್ತಿಗೆ ಹತ್ತಿರದ ವಿದ್ಯೆ ಇದೆ. 25 ಸಾವಿರ ಸಂಬಳ ಬಂದರೂ ಐದರಲ್ಲಿ ಒಂದು ಪಾಲು ಕಂತಿಗೆ, ನಾಲ್ಕು ಪಾಲು ಮನೆಗೆ.

ಎರಡು ಮನೆಗೂ ಇರುವ ವ್ಯತ್ಯಾಸ ಬುದ್ಧಿಯದ್ದಲ್ಲ, ಆಸೆಯದ್ದೂ ಅಲ್ಲ. ಸಾಲ ಮಾಡುವ ಶಕ್ತಿಯನ್ನು ಒಬ್ಬರು ಮೊದಲ ಮೆಟ್ಟಿಲಲ್ಲೇ ಖರ್ಚು ಮಾಡಿದರು, ಇನ್ನೊಬ್ಬರು ಮೇಲಿನ ಮೆಟ್ಟಿಲಿಗೆ ಉಳಿಸಿಕೊಂಡರು. ನಾನು ಇವತ್ತು ಹೇಳಬೇಕಾದದ್ದು ಇಷ್ಟೇ. ಮನಶ್ಶಾಸ್ತ್ರದಲ್ಲಿ ಮೊದಲ ಪದವಿಗೆ ಸಾಲ ಬೇಡ, ಮಾಡಿದರೂ ಅತ್ಯಂತ ಕಡಿಮೆ ಇರಲಿ. ಸಾಲ ಮಾಡುವುದಾದರೆ ಕಸುಬು ಕೊಡುವ ಮೆಟ್ಟಿಲಿಗೆ ಮಾಡಿ.

ಅತ್ತಿಗುಪ್ಪೆಯವರಿಗೆ ಒಂದು ಅನುಕೂಲ ಇದೆ, ಅದನ್ನು ನಾವು ಗಮನಿಸುವುದೇ ಇಲ್ಲ. ಇಲ್ಲಿ ರೈಲು ಹತ್ತಿದರೆ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಅದೇ ಮಾರ್ಗದಲ್ಲಿದೆ. ಅಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ವಿಭಾಗವೇ ಇದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಹೊರಗಿನಿಂದ ಬಂದ ಮಕ್ಕಳು ಪಿ.ಜಿ. ಮನೆಗಳಿಗೆ ತಿಂಗಳಿಗೆ ಎಂಟು ಹತ್ತು ಸಾವಿರ ಸುರಿಯುತ್ತಾರೆ. ನಮ್ಮ ಮಕ್ಕಳಿಗೆ ಮನೆಯ ಮುದ್ದೆ ಇದೆ. ಇದನ್ನು ಬಿಟ್ಟು, ಹೆಸರಿಗೆ ಬೆರಗಾಗಿ ದೂರದ ಹಾಸ್ಟೆಲ್ ಹಿಡಿಯುವ ಮುಂಚೆ ಎರಡು ಸಲ ಯೋಚಿಸಿ.

ಸಾಲದ ವಿಷಯದಲ್ಲಿ ಕೆಲವು ನಿಯಮ ತಿಳಿದಿರಲಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲ, ಕೈಯಿಂದ ಪಾಲು ಹಾಕಬೇಕಾದ್ದೂ ಇಲ್ಲ. ಏಳೂವರೆ ಲಕ್ಷದವರೆಗೂ ಸರ್ಕಾರದ ಖಾತರಿ ನಿಧಿಯ ಮೇಲೆ ಅಡಮಾನವಿಲ್ಲದೆ ಕೊಡಬಹುದು. ಆದರೆ ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ರುಜು ಹಾಕಲೇಬೇಕು. ಬಡ್ಡಿ ಸಹಾಯಧನ ಎಲ್ಲ ಓದಿಗೂ ಬರುತ್ತೆ ಅಂತ ನಂಬಿ ಕೂರಬೇಡಿ. ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಆದಾಯ ಇರುವ ಮನೆಗಳಿಗೆ ಓದುವ ಕಾಲದ ಪೂರ್ತಿ ಬಡ್ಡಿ ಮನ್ನಾ ಮಾಡುವ ಕೇಂದ್ರದ ಯೋಜನೆ ವೃತ್ತಿ ಮತ್ತು ತಾಂತ್ರಿಕ ಕೋರ್ಸುಗಳಿಗೆ ಮಾತ್ರ. ಸಾಮಾನ್ಯ ಬಿ.ಎ. ಅದರಲ್ಲಿ ಬರುವುದಿಲ್ಲ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇಕಡ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಆದರೆ ಅದಕ್ಕೆ ಆರಿಸಿರುವ ಉತ್ತಮ ದರ್ಜೆಯ ಸಂಸ್ಥೆಗಳ ಪಟ್ಟಿಯಲ್ಲಿ ನಿಮ್ಮ ಕಾಲೇಜು ಇರಬೇಕು. ಇದೆಯೇ ಅಂತ ಸೀಟು ಹಿಡಿಯುವ ಮೊದಲು ನೋಡಿ, ಆಮೇಲಲ್ಲ.

ನಮ್ಮ ಸಂಘದ ಜಾಮೀನು ಸಾಲದ ಬಗ್ಗೆ ಈ ವೇದಿಕೆಯಲ್ಲೇ ಬಿಚ್ಚಿ ಹೇಳುವುದು ಒಳ್ಳೆಯದು. ಅದು ಶಿಕ್ಷಣ ಸಾಲವಲ್ಲ. ಕಂತು ಮುಂದಿನ ತಿಂಗಳಿಂದಲೇ ಶುರು. ಮಗು ಮೊದಲ ಸೆಮಿಸ್ಟರಿನಲ್ಲಿದ್ದಾಗಲೇ ಅಪ್ಪ ಕಟ್ಟಬೇಕು. ಕಟ್ಟದೆ ಹೋದರೆ ನೋಟೀಸು ಹೋಗುವುದು ಎದುರು ಮನೆಯ ಜಾಮೀನುದಾರನಿಗೆ. ಒಂದು ಓದಿನ ಹೆಸರಲ್ಲಿ ಎರಡು ಮನೆ ಮಾತು ಬಿಡುವಂತಾಗಬಾರದು. ಪರೀಕ್ಷಾ ಶುಲ್ಕವೋ ಪುಸ್ತಕವೋ ಸಣ್ಣ ಮೊತ್ತಕ್ಕಾದರೆ ಸಂಘ ಇದ್ದೇ ಇದೆ. ಲಕ್ಷಗಟ್ಟಲೆ ಕಾಲೇಜು ಶುಲ್ಕಕ್ಕೆ ಜಾಮೀನು ಸಾಲವೂ ಬೇಡ, ಒಡವೆ ಸಾಲವೂ ಬೇಡ, ಚೀಟಿ ಕೂಗುವುದೂ ಬೇಡ.

ತಂದೆಯ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಗಳು ಸೇರುವಾಗ ಅಪ್ಪನಿಗೆ ಐವತ್ತು. ಮೂರು ವರ್ಷ ಓದು, ಒಂದು ವರ್ಷ ಬಿಡುವು, ಹತ್ತು ವರ್ಷ ಕಂತು. ಮುಗಿಯುವಾಗ ಅರವತ್ನಾಲ್ಕು. ಅರವತ್ತಕ್ಕೆ ನಿವೃತ್ತಿ. ಆ ನಾಲ್ಕು ವರ್ಷ ಯಾರು ಕಟ್ಟೋದು? ಮಧ್ಯೆ ಮಗಳ ಮದುವೆಯಾದರೆ ಕಂತು ತವರಿನದೋ ಗಂಡನ ಮನೆಯದೋ? ಇದನ್ನೆಲ್ಲ ಇವತ್ತೇ ಬಾಯಿ ಬಿಟ್ಟು ಮಾತಾಡಬೇಕು. ಮಗಳ ಎದುರಿಗೇ ಮಾತಾಡಬೇಕು. ಹದಿನೆಂಟು ತುಂಬಿದ ಮಗುವಿಗೆ ಮನೆಯ ಲೆಕ್ಕ ತಿಳಿದರೆ ಅದು ಭಾರವಾಗುವುದಿಲ್ಲ, ಜವಾಬ್ದಾರಿ ಕಲಿಸುತ್ತದೆ.

ಇನ್ನೊಂದು ಮಾತು, ಗಂಡಸರು ಬೇಜಾರು ಮಾಡಿಕೊಳ್ಳಬಾರದು. ಮಗಳ ಓದಿನ ಮೂರು ಲಕ್ಷಕ್ಕೆ ನಾವು ಆರು ತಿಂಗಳು ಯೋಚಿಸ್ತೀವಿ. ಅವಳ ಮದುವೆಯ ಎಂಟು ಲಕ್ಷದ ಸಾಲಕ್ಕೆ ಆರು ದಿನವೂ ಯೋಚಿಸುವುದಿಲ್ಲ. ಛತ್ರದ ಸಾಲದಿಂದ ಯಾವ ಸಂಬಳವೂ ಹುಟ್ಟುವುದಿಲ್ಲ. ಲೆಕ್ಕ ಹಾಕುವುದಾದರೆ ಎರಡಕ್ಕೂ ಹಾಕೋಣ.

ಹಣ ಸಿಗುವ ದಾರಿಗಳೂ ಇವೆ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ತಾಣದಲ್ಲಿ ಅರ್ಜಿ ಹಾಕಬೇಕು. ಊರು ಬಿಟ್ಟು ಬಂದು ಓದುವ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆ ಇದೆ. ಮಾಗಡಿ, ರಾಮನಗರ ಕಡೆಯ ನಿಮ್ಮ ನೆಂಟರ ಮಕ್ಕಳಿಗೆ ಇದನ್ನು ತಿಳಿಸಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30 ಸಾವಿರ ರೂ. ಕೊಡುವ ವಿದ್ಯಾರ್ಥಿವೇತನ 2025ರಲ್ಲಿ ನಮ್ಮ ರಾಜ್ಯಕ್ಕೂ ಬಂದಿದೆ. ನಾನು ಹೇಳಿದ ಎರಡನೇ ಮನೆಯ ಲೆಕ್ಕ ನೆನಪು ಮಾಡಿಕೊಳ್ಳಿ. ಆ 30 ಸಾವಿರಕ್ಕೆ ಈ 30 ಸಾವಿರ ಸರಿಹೋಯಿತು.

ಕೋರ್ಸಿನ ವಿಷಯದಲ್ಲಿ ಮೂರು ಎಚ್ಚರಿಕೆ ಹೇಳಿ ಮುಗಿಸ್ತೀನಿ.

ಮೊದಲನೆಯದು, ವರ್ಷ ಎಷ್ಟು ಅಂತ ಕೇಳಿ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಕೆಲವು ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಇದೆ. ಒಂದು ವರ್ಷ ಹೆಚ್ಚು ಅಂದರೆ ಒಂದು ವರ್ಷದ ಶುಲ್ಕ ಹೆಚ್ಚು, ಒಂದು ವರ್ಷದ ಸಂಬಳ ಕಡಿಮೆ. ಅದರಿಂದ ಎಂ.ಎ. ಒಂದು ವರ್ಷ ಉಳಿಯುತ್ತದೆಯೇ ಅಂತ ಕೇಳಿ ತಿಳಿದುಕೊಳ್ಳಿ.

ಎರಡನೆಯದು, ಅಂಚೆ ಓದು. "ಕೆಲಸ ಮಾಡಿಕೊಂಡು ದೂರ ಶಿಕ್ಷಣದಲ್ಲಿ ಎಂ.ಎ. ಮಾಡಿಬಿಡ್ತಾಳೆ" ಅಂತ ಬಹಳ ಮನೆಗಳಲ್ಲಿ ಲೆಕ್ಕ ಹಾಕಿದ್ದರು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರ ಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಕಲಿಸಬಾರದು ಅಂತ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ನಿಲ್ಲಿಸಿದೆ. ಅಗ್ಗದ ಆ ದಾರಿ ಮುಚ್ಚಿದ ಮೇಲೆ ಎರಡನೇ ಮೆಟ್ಟಿಲಿನ ಖರ್ಚು ಏರಿದ ಹಾಗೆಯೇ. ಮೊದಲ ಮೆಟ್ಟಿಲಿನಲ್ಲಿ ಉಳಿಸಬೇಕು ಅನ್ನೋದಕ್ಕೆ ಇದು ಇನ್ನೊಂದು ಕಾರಣ. ಯಾರಾದರೂ ಈಗಲೂ ಆನ್‌ಲೈನ್ ಮನಶ್ಶಾಸ್ತ್ರ ಪದವಿ ಮಾರಲು ಬಂದರೆ ಬಾಗಿಲಲ್ಲೇ ಕೈ ಮುಗಿದು ಕಳಿಸಿ.

ಮೂರನೆಯದು, ಹೆಸರಿಗೆ ಮೋಸ ಹೋಗಬೇಡಿ. ಹಳೆಯ ಎಂ.ಫಿಲ್. ಪ್ರವೇಶಕ್ಕೆ 2025-26ರವರೆಗೆ ಮಾತ್ರ ಅವಕಾಶ ಕೊಟ್ಟಿದ್ದರು. ಪುನರ್ವಸತಿ ಪರಿಷತ್ತು ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ ನಾಲ್ಕು ವರ್ಷದ ಹೊಸ ಆನರ್ಸ್ ಪದವಿ ತಂದಿದೆ. ಸಾಮಾನ್ಯ ಬಿ.ಎ. ಮನಶ್ಶಾಸ್ತ್ರಕ್ಕೂ ಇದಕ್ಕೂ ಹೆಸರು ಹತ್ತಿರ, ಫಲ ಬೇರೆ. ಕಾಲೇಜಿನವರು "ನಮ್ಮದು ಕ್ಲಿನಿಕಲ್" ಅಂದರೆ ಪರಿಷತ್ತಿನ ಪಟ್ಟಿಯಲ್ಲಿ ಆ ಕಾಲೇಜು, ಆ ಕೋರ್ಸು, ಆ ವರ್ಷಕ್ಕೆ ಇದೆಯೇ ಅಂತ ನೀವೇ ತೆಗೆದು ನೋಡಬೇಕು. ಕಾಲೇಜಿನ ಬಣ್ಣದ ಪುಸ್ತಕ ಪಟ್ಟಿಯಲ್ಲ.

ಮಕ್ಕಳೆ, ನಿಮಗೂ ಒಂದು ಮಾತು. ಮನಶ್ಶಾಸ್ತ್ರ ಸೇರುವುದಾದರೆ ಜೊತೆಯ ವಿಷಯಗಳನ್ನು ಜಾಣತನದಿಂದ ಆರಿಸಿ. ಇಂಗ್ಲಿಷ್, ಸಮಾಜಶಾಸ್ತ್ರ, ಪತ್ರಿಕೋದ್ಯಮ, ಅರ್ಥಶಾಸ್ತ್ರ ಯಾವುದಾದರೂ ಇದ್ದರೆ, ಮನಸ್ಸು ಬದಲಾದಾಗ ಇನ್ನೊಂದು ಬಾಗಿಲು ತೆರೆದಿರುತ್ತೆ. ಸಮಾಜಕಾರ್ಯದ ಸ್ನಾತಕೋತ್ತರ ಪದವಿಯೂ ಎರಡು ವರ್ಷದ ಒಳ್ಳೆಯ ದಾರಿ. ಕನ್ನಡವನ್ನು ಮಾತ್ರ ಬಿಡಬೇಡಿ. ದುಃಖ ಬಂದವರು ತಮ್ಮ ಭಾಷೆಯಲ್ಲೇ ಹೇಳಿಕೊಳ್ಳುವುದು. ಇಂಗ್ಲಿಷ್ ಪುಸ್ತಕ ಓದಿ ಅಜ್ಜಿಯೊಬ್ಬಳ ಸಂಕಟವನ್ನು ಕನ್ನಡದಲ್ಲಿ ಕೇಳಬಲ್ಲವರು ಈ ನಗರಕ್ಕೆ ಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ. ವಿದ್ಯೆಯ ವಿಷಯದಲ್ಲಿ ಕಾಲು ಸ್ವಲ್ಪ ಹೊರಗೆ ಹೋದರೂ ಚಿಂತೆಯಿಲ್ಲ. ಯಾವ ವರ್ಷ, ಯಾವ ಮೆಟ್ಟಿಲಿಗೆ, ಎಷ್ಟು ಹೊರಗೆ ಅನ್ನುವುದು ಮೊದಲೇ ತಿಳಿದಿರಬೇಕು. ಮನೆಗೆ ಹೋಗಿ ಒಂದು ಹಾಳೆ ತೆಗೆದುಕೊಳ್ಳಿ. ಏಳು ವರ್ಷದ ಖರ್ಚು ಒಂದು ಕಡೆ, ವರ್ಷವಾರು ಬರುವ ಹಣ ಒಂದು ಕಡೆ, ಕೊನೆಯಲ್ಲಿ ತಿಂಗಳ ಕಂತು. ಒಟ್ಟು ಸಾಲ ಮೊದಲ ವರ್ಷದ ಸಂಬಳಕ್ಕಿಂತ ಹೆಚ್ಚಾಗುವಂತಿದ್ದರೆ ಕಾಲೇಜು ಬದಲಾಯಿಸಿ. ಮಗುವಿನ ಆಸೆ ಬದಲಾಯಿಸುವುದು ಕೊನೆಯ ಮಾತಾಗಲಿ. ಲೆಕ್ಕ ಹಾಕಲು ಬಾರದವರು ನಮ್ಮ ಸಂಘದ ಕಛೇರಿಗೆ ಬರಲಿ, ಗುಮಾಸ್ತರ ಹತ್ತಿರ ಕೂತು ಬರೆಸಿಕೊಳ್ಳಲಿ. ಇಪ್ಪತ್ತೈದು ವರ್ಷ ಲೆಕ್ಕ ಇಟ್ಟ ಸಂಘಕ್ಕೆ ಇದು ಕಷ್ಟವಲ್ಲ.

ಸಂಘ ಸುವರ್ಣ ಮಹೋತ್ಸವ ಕಾಣಲಿ. ಅಂದು ಈ ವೇದಿಕೆಯ ಮೇಲೆ ಇಂದಿನ ಮಕ್ಕಳು ಸಾಲ ತೀರಿಸಿ, ಕಸುಬು ಹಿಡಿದು, ಠೇವಣಿದಾರರಾಗಿ ಕೂತಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.